ಬಾವಲಿಗಳ ಮಾತುಕತೆ ರೆಕಾರ್ಡ್ ಮಾಡುವುದು, ಗುರುತಿಸುವುದು ಹೇಗೆ?

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಡಿಟೆಕ್ಟರ್ ಹಿಡಿದು ಬಾವಲಿಯ ದನಿ ರೆಕಾರ್ಡ್ ಮಾಡಿದೆ, ಮಾಮೂಲಿ ಟಕ್ ಟಕ್ ನಡುವೆ ಏನೋ ಬೇರೆ ಥರದ ಕೂಗು ಬಂತು, ಸಾಫ್ಟ್‌ವೇರ್ ಅದಕ್ಕೆ ಇನ್ಯಾವುದೋ ಬಾವಲಿಯ ಹೆಸರು ಕೊಟ್ಟಿದೆ, ಇದು ಸರೀನಾ?" ಹೆಚ್ಚಿನ ಸಲ ಸರಿ ಇರುವುದಿಲ್ಲ. ನೀವು ಹಿಡಿದದ್ದು ಸೋಷಿಯಲ್ ಕಾಲ್ ಆಗಿರಬಹುದು, ಅಂದರೆ ಬಾವಲಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ದನಿ. ಅದನ್ನು ಸರಿಯಾಗಿ ಹಿಡಿಯುವುದು, ಆಮೇಲೆ ಯಾರದ್ದು ಎಂದು ಹೇಳುವುದು ಎರಡಕ್ಕೂ ಒಂದು ಕ್ರಮ ಇದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಹುಳ ತಿನ್ನುವ ಬಾವಲಿಗಳು ಹಾರುವಾಗ ಬಿಡದೆ ಕೂಗುತ್ತಿರುತ್ತವೆ, ಆ ಕೂಗು ಎಲ್ಲೋ ತಗುಲಿ ವಾಪಸ್ ಬಂದದ್ದನ್ನು ಕೇಳಿ ದಾರಿಯನ್ನೂ ಬೇಟೆಯನ್ನೂ ಕಂಡುಕೊಳ್ಳುತ್ತವೆ. ಇದಕ್ಕೆ ಎಕೋಲೊಕೇಶನ್ ಅಂತ 1944ರಲ್ಲಿ ಹೆಸರಿಟ್ಟವರು ಡೊನಾಲ್ಡ್ ಗ್ರಿಫಿನ್. ಆ ಕೂಗು ಬಾವಲಿ ತನಗಾಗಿಯೇ ಮಾಡಿಕೊಳ್ಳುವಂಥದ್ದು. ಸೋಷಿಯಲ್ ಕಾಲ್ ಇನ್ನೊಬ್ಬರಿಗಾಗಿ. ತಾಯಿ ಮರಿಯನ್ನು ಕರೆಯುತ್ತದೆ, ಮರಿ ತಾಯಿಯನ್ನು ಕರೆಯುತ್ತದೆ, ಗಂಡು ಹೆಣ್ಣನ್ನು ಸೆಳೆಯುತ್ತದೆ, ಒಂದು ಬಾವಲಿ ಇನ್ನೊಂದನ್ನು "ಈ ಜಾಗ ನಂದು, ಆಚೆ ಹೋಗು" ಅಂತ ಗದರುತ್ತದೆ.

ಎಕೋಲೊಕೇಶನ್‌ಗೆ ಹೋಲಿಸಿದರೆ ಸೋಷಿಯಲ್ ಕಾಲ್ ಸಾಮಾನ್ಯವಾಗಿ ತಗ್ಗು ಸ್ವರದ್ದು, ಸ್ವಲ್ಪ ಉದ್ದ, ಆಕಾರದಲ್ಲಿ ಅಂಕುಡೊಂಕು. ತಗ್ಗು ಸ್ವರ ಯಾಕೆ ಅಂದರೆ ಗಾಳಿ ಎತ್ತರದ ಸ್ವರವನ್ನು ಬೇಗ ನುಂಗಿಬಿಡುತ್ತದೆ. 100 ಕಿಲೋಹರ್ಟ್ಸ್ ದನಿ ಪ್ರತಿ ಮೀಟರ್‌ಗೆ ಸುಮಾರು 3 ಡೆಸಿಬಲ್ ಕಳೆದುಕೊಂಡರೆ 20 ಕಿಲೋಹರ್ಟ್ಸ್ ದನಿ ಸುಮಾರು ಅರ್ಧ ಡೆಸಿಬಲ್ ಮಾತ್ರ ಕಳೆದುಕೊಳ್ಳುತ್ತದೆ. ದೂರದವರಿಗೆ ಕೇಳಿಸಬೇಕು ಅಂದರೆ ತಗ್ಗಿಸಿಯೇ ಕೂಗಬೇಕು, ಅಲ್ವಾ? ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಕಂಪನ ಎನ್ನುವ ಲೆಕ್ಕ. ನಮ್ಮ ಕಿವಿಯ ಮಿತಿ ಸುಮಾರು 20, ವಯಸ್ಸಾದಂತೆ ಇನ್ನೂ ಕಡಿಮೆ.

ಹಂತ 1: ಯಾವ ಬಾವಲಿ ಅಂತ ನೋಡಿ ಸಲಕರಣೆ ಆರಿಸಿ

ಮರದಲ್ಲಿ ನೇತಾಡುವ ದೊಡ್ಡ ಹಣ್ಣುಬಾವಲಿಗಳ ಕಿತ್ತಾಟ, ಕಿರುಚಾಟ ನಮ್ಮ ಕಿವಿಗೇ ಕೇಳುತ್ತದೆ. ಅದಕ್ಕೆ ವಿಶೇಷ ಡಿಟೆಕ್ಟರ್ ಬೇಡ, 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ (ಹಾಗಂದರೇನು ಅಂತ ಹಂತ 2ರಲ್ಲಿದೆ) ರೆಕಾರ್ಡ್ ಮಾಡುವ ಮಾಮೂಲಿ ರೆಕಾರ್ಡರ್ ಸಾಕು. ಹೊಸಬರು ಇಲ್ಲಿಂದಲೇ ಶುರು ಮಾಡಿ ಎನ್ನುವುದು ನನ್ನ ಸಲಹೆ. ಯಾಕೆಂದರೆ ಹಗಲಲ್ಲೇ, ದೂರದಿಂದಲೇ, ಯಾರು ಯಾರ ಮೇಲೆ ಕೂಗಿದರು ಅಂತ ಕಣ್ಣಾರೆ ನೋಡುತ್ತಾ ಕಲಿಯಬಹುದು.

ಹುಳ ತಿನ್ನುವ ಸಣ್ಣ ಬಾವಲಿಗಳಿಗೆ ಅಲ್ಟ್ರಾಸೌಂಡ್, ಅಂದರೆ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ದನಿ, ಹಿಡಿಯುವ ಮೈಕ್ ಬೇಕು. ಮೂರು ಥರ ಸಿಗುತ್ತವೆ.

- ಹೆಟೆರೊಡೈನ್ ಡಿಟೆಕ್ಟರ್: ರೇಡಿಯೋ ಥರ ಒಂದು ಸ್ವರಕ್ಕೆ ಟ್ಯೂನ್ ಮಾಡಿ ಕೇಳುವುದು. ಸ್ಥಳದಲ್ಲೇ ಕೇಳಲು ತುಂಬಾ ಚೆನ್ನ, ಆದರೆ ಇದರಿಂದ ಬರುವ ದನಿಯಲ್ಲಿ ಕೂಗಿನ ನಿಜವಾದ ಆಕಾರ ಉಳಿದಿರುವುದಿಲ್ಲ. ಗುರುತಿಸುವ ಕೆಲಸಕ್ಕೆ ಈ ರೆಕಾರ್ಡಿಂಗ್ ಪ್ರಯೋಜನಕ್ಕೆ ಬರುವುದಿಲ್ಲ.
- ಫೋನಿಗೆ ಚುಚ್ಚುವ ಮೈಕ್: ಎಕೋ ಮೀಟರ್ ಟಚ್‌ನಂಥವು. ಪರದೆಯ ಮೇಲೆ ದನಿಯ ಚಿತ್ರ ಆಗಲೇ ಕಾಣುತ್ತದೆ.
- ಬಿಟ್ಟುಬರುವ ರೆಕಾರ್ಡರ್: ಆಡಿಯೊಮಾತ್‌ನಂಥವು. ರಾತ್ರಿಯಿಡೀ ತಾನೇ ಕೆಲಸ ಮಾಡುತ್ತದೆ.

ಸೋಷಿಯಲ್ ಕಾಲ್‌ಗೆ ಮೊದಲು ಕೈಯಲ್ಲಿ ಹಿಡಿಯುವಂಥದ್ದು ತೆಗೆದುಕೊಳ್ಳಿ. ಬಿಟ್ಟುಬರುವ ರೆಕಾರ್ಡರ್ ಕೂಗನ್ನು ಕೊಡುತ್ತದೆ, ಆದರೆ ಆಗ ಅಲ್ಲಿ ಏನು ನಡೆಯುತ್ತಿತ್ತು ಎನ್ನುವುದನ್ನು ಕೊಡುವುದಿಲ್ಲ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಹಂತ 2: ಸೆಟ್ಟಿಂಗ್ ಸರಿಮಾಡಿ

ಇಲ್ಲಿ ತಪ್ಪಿದರೆ ಮುಂದೆ ಏನು ಮಾಡಿದರೂ ಸರಿಯಾಗುವುದಿಲ್ಲ.

ಸ್ಯಾಂಪಲ್ ರೇಟ್ ಅಂದರೆ ಯಂತ್ರ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎನ್ನುವುದು. ಅದರ ಅರ್ಧದಷ್ಟು ಎತ್ತರದ ಸ್ವರದವರೆಗೆ ಮಾತ್ರ ಸರಿಯಾಗಿ ಸಿಗುತ್ತದೆ. 256 ಕಿಲೋಹರ್ಟ್ಸ್ ಇಟ್ಟರೆ 128ರವರೆಗೆ, 384 ಇಟ್ಟರೆ 192ರವರೆಗೆ. ಸೋಷಿಯಲ್ ಕಾಲ್ ತಗ್ಗಿನದ್ದಲ್ವಾ, ಕಡಿಮೆ ಇಟ್ಟರಾಯಿತು ಅಂತ ಅಂದುಕೊಳ್ಳಬೇಡಿ. ಯಾರ ಕೂಗು ಎಂದು ಹೇಳಲು ಅದರ ಜೊತೆಗಿನ ಎಕೋಲೊಕೇಶನ್ ಕೂಡ ಬೇಕು. ಲೆಸ್ಸರ್ ಹಾರ್ಸ್‌ಶೂ ಎಂಬ ಲಾಳಮೂಗಿನ ಬಾವಲಿ ಸುಮಾರು 110 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ, 192ರ ರೇಟ್ ಇಟ್ಟರೆ ಅದು ಸಿಗುವುದೇ ಇಲ್ಲ. 256ಕ್ಕಿಂತ ಕೆಳಗೆ ಇಳಿಯಬೇಡಿ.

ಫೈಲ್ ಯಾವಾಗಲೂ ವೇವ್ (.wav) ಆಗಿರಲಿ. ಎಂಪಿ3 ಮಾಡಿದರೆ ನಮ್ಮ ಕಿವಿಗೆ ಕೇಳದ ಭಾಗವನ್ನೆಲ್ಲ ಅದು ಬಿಸಾಡುತ್ತದೆ, ಬಾವಲಿ ಇರುವುದೇ ಆ ಭಾಗದಲ್ಲಿ. ಜಾಗ ಜಾಸ್ತಿ ಬೇಕಾಗುತ್ತದೆ ನಿಜ, 384ರ ರೇಟ್‌ನಲ್ಲಿ 16 ಬಿಟ್‌ನ ಒಂದು ಗಂಟೆ ಸುಮಾರು 2.8 ಜಿಬಿ. ಮೆಮೊರಿ ಕಾರ್ಡ್ ಅದಕ್ಕೆ ತಕ್ಕಂತೆ ಹಾಕಿ.

ಮುಖ್ಯ ಎಚ್ಚರಿಕೆ ಒಂದಿದೆ. ಎಷ್ಟೋ ರೆಕಾರ್ಡರ್‌ಗಳಲ್ಲಿ ಟ್ರಿಗರ್ ಎನ್ನುವ ವ್ಯವಸ್ಥೆ ಇರುತ್ತದೆ, ಅಂದರೆ ಬಾವಲಿ ಕೂಗಿದಾಗ ಮಾತ್ರ ರೆಕಾರ್ಡಿಂಗ್ ತಾನಾಗಿ ಶುರುವಾಗುವುದು. ಗಾಳಿ ಸದ್ದಿಗೆಲ್ಲ ಶುರುವಾಗದಿರಲಿ ಎಂದು ಇಂತಿಷ್ಟು ಕಿಲೋಹರ್ಟ್ಸ್‌ಗಿಂತ ಕೆಳಗಿನದ್ದನ್ನು ಬಿಟ್ಟುಬಿಡು ಎನ್ನುವ ಫಿಲ್ಟರ್ ಕೂಡ ಇರುತ್ತದೆ. ನಾನು ಒಂದು ಇಡೀ ಮರಿ ಹಾಕುವ ಕಾಲ ಈ ಫಿಲ್ಟರ್ ಅನ್ನು 25ಕ್ಕೆ ಇಟ್ಟು ರೆಕಾರ್ಡ್ ಮಾಡಿದ್ದೆ. ಎಕೋಲೊಕೇಶನ್ ಎಲ್ಲ ಚೆನ್ನಾಗಿ ಬಂದಿತ್ತು, ನನಗೆ ಬೇಕಾಗಿದ್ದ ತಗ್ಗಿನ ಕೂಗುಗಳ ಕೆಳಭಾಗ ಮಾತ್ರ ಇರಲಿಲ್ಲ. ಫಿಲ್ಟರ್ ತೆಗೆದುಬಿಡಿ, ತೆಗೆಯಲಾಗದಿದ್ದರೆ 8ರ ಹತ್ತಿರ ಇಡಿ. ಟ್ರಿಗರ್ ಬಳಸುವುದಾದರೆ ಕೂಗಿಗಿಂತ ಒಂದೆರಡು ಸೆಕೆಂಡ್ ಮೊದಲಿನದ್ದೂ ಸೇರುವಂತೆ ಪ್ರೀ-ಟ್ರಿಗರ್ ಹಾಕಿ, ಇಲ್ಲದಿದ್ದರೆ ಕೂಗಿನ ತಲೆ ಕತ್ತರಿಸಿಹೋಗುತ್ತದೆ.

ಗೇನ್, ಅಂದರೆ ದನಿ ಎಷ್ಟು ಹಿಗ್ಗಿಸಬೇಕು ಎನ್ನುವುದು, ಮಧ್ಯಮ ಇರಲಿ. ಗೂಡಿನ ಬಾಯಿಯ ಹತ್ತಿರ ಕೂತಾಗ ಇನ್ನೂ ಕಡಿಮೆ ಮಾಡಿ. ಹತ್ತಿರದ ಬಾವಲಿಯ ಕೂಗು ತುಂಬಾ ಜೋರು, ಮೈಕ್ ತಾಳಲಾರದಷ್ಟು ಬಂದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಹಾಗಾದಾಗ ಚಿತ್ರದಲ್ಲಿ ಮೇಲೆ ಮೇಲೆ ಸುಳ್ಳು ಗೆರೆಗಳು ಹುಟ್ಟಿಕೊಳ್ಳುತ್ತವೆ, ಅವನ್ನೇ ಅಪರೂಪದ ಕೂಗು ಅಂದುಕೊಳ್ಳುವವರು ತುಂಬಾ ಜನ.

ಹಂತ 3: ಹೊತ್ತು ಮತ್ತು ಜಾಗ

ಕತ್ತಲಾಗುವ ಹೊತ್ತಿಗೆ ಬಾವಲಿಗಳು ಗೂಡು ಬಿಡುವ ಮೊದಲಿನ ಅರ್ಧ ಗಂಟೆ ಒಳಗೆ ಗಲಾಟೆ ಇರುತ್ತದೆ. ಬೆಳಗಾಗುವ ಮೊದಲು ವಾಪಸ್ ಬಂದು ಗೂಡಿನ ಬಾಯಿಯಲ್ಲಿ ಸುತ್ತು ಹಾಕುವ ಹೊತ್ತು ಇನ್ನೂ ಒಳ್ಳೆಯದು, ಆದರೆ ಎದ್ದು ಹೋಗುವವರು ಕಡಿಮೆ. ಮರಿಗಳಿರುವ ಕಾಲದಲ್ಲಿ ತಾಯಿ-ಮರಿ ಕೂಗು ಸಿಗುತ್ತದೆ. ಜೋಡಿ ಸೇರುವ ಕಾಲದಲ್ಲಿ ಗಂಡುಗಳ ಹಾಡು ಸಿಗುತ್ತದೆ, ಅದು ಗೂಡಿನಿಂದ ದೂರ, ಒಂದೇ ಮರದ ಪೊಟರೆಯಿಂದಲೋ ಒಂದೇ ದಾರಿಯಲ್ಲಿ ಹಿಂದೆ ಮುಂದೆ ಹಾರುತ್ತಲೋ ಕೇಳಿಬರುತ್ತದೆ.

ಗೂಡಿನ ಒಳಗೆ ಹೋಗಬೇಡಿ. ಬೆಳಕು ಬಿಡಬೇಡಿ. ಮರಿ ಹೊತ್ತ ತಾಯಂದಿರು ಗಾಬರಿಯಾದರೆ ಮರಿ ಕೆಳಗೆ ಬೀಳುತ್ತದೆ, ಚಳಿನಿದ್ದೆಯಲ್ಲಿರುವ ಬಾವಲಿ ಎಚ್ಚರವಾದರೆ ಕೂಡಿಟ್ಟ ಕೊಬ್ಬು ಕರಗಿ ಮತ್ತೆ ಆಹಾರ ಸಿಗುವ ಕಾಲದವರೆಗೆ ಬದುಕುವುದೇ ಕಷ್ಟವಾಗುತ್ತದೆ. ಬರಿಗೈಯಲ್ಲಿ ಬಾವಲಿ ಮುಟ್ಟಲೇಬಾರದು, ಕಚ್ಚಿದರೆ ರೇಬೀಸ್ ಅಪಾಯ ಇದೆ. ಕಚ್ಚಿದ ಜಾಗವನ್ನು ಸೋಪು ಹಾಕಿ 15 ನಿಮಿಷ ತೊಳೆದು ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು. ರೆಕಾರ್ಡ್ ಮಾಡಿದ ಕೂಗನ್ನು ಬಾವಲಿಗಳಿಗೇ ಹಾಕಿ ಕೇಳಿಸುವ ಪ್ರಯೋಗ ಕೂಡ ಬೇಡ. ಆಪತ್ತಿನ ಚೀರಾಟ ಕೇಳಿಸಿದರೆ ಸುತ್ತಲಿನ ಬಾವಲಿಗಳು ಧಾವಿಸಿ ಬರುತ್ತವೆ, ಬೇಟೆಯ ಹೊತ್ತನ್ನು ಅದಕ್ಕೆ ಕಳೆದುಕೊಳ್ಳುತ್ತವೆ. ಎಷ್ಟೋ ದೇಶಗಳಲ್ಲಿ ಗೂಡಿನ ಹತ್ತಿರದ ಕೆಲಸಕ್ಕೆ ಅನುಮತಿ ಬೇಕು, ಹೋಗುವ ಮೊದಲು ವಿಚಾರಿಸಿ.

ಹಂತ 4: ರೆಕಾರ್ಡ್ ಮಾಡಿ, ಜೊತೆಗೆ ಬರೆದುಕೊಳ್ಳಿ

ಮೈಕ್ ಅನ್ನು ಗೋಡೆಗೆ, ನೆಲಕ್ಕೆ ಹತ್ತಿರ ಇಡಬೇಡಿ. ಒಂದೂವರೆ ಎರಡು ಮೀಟರ್ ಎತ್ತರದಲ್ಲಿ, ಸುತ್ತ ಬಯಲಾಗಿರುವ ಕಡೆ ಇಡಿ. ಹತ್ತಿರ ಗೋಡೆ ಇದ್ದರೆ ಪ್ರತಿ ಕೂಗಿನ ಹಿಂದೆ ಅದರ ಮಾರ್ದನಿ ಅಂಟಿಕೊಂಡು ಬರುತ್ತದೆ. ಕೀಲಿಕೈ ಗೊಂಚಲು, ಸರಬರ ಎನ್ನುವ ಜಾಕೆಟ್, ಒಣ ಎಲೆ ಮೇಲಿನ ನಡಿಗೆ ಎಲ್ಲವೂ ಅಲ್ಟ್ರಾಸೌಂಡ್ ಹೊರಡಿಸುತ್ತವೆ. ನಿಂತಲ್ಲೇ ನಿಲ್ಲಿ.

ಕೂಗು ಬಂದ ತಕ್ಷಣ ಏನು ಕಂಡಿತು ಅಂತ ಬರೆಯಿರಿ. ಎಷ್ಟು ಬಾವಲಿ ಇದ್ದವು? ಒಂದನ್ನೊಂದು ಅಟ್ಟಿಸಿಕೊಂಡು ಹೋದವಾ? ಒಂದೇ ಇತ್ತಾ? ಗೂಡಿನ ಒಳಗಿನಿಂದ ಬಂತಾ, ಹಾರುವಾಗ ಬಂತಾ? ಬರೆಯಲು ಆಗದಿದ್ದರೆ ಮೈಕ್‌ಗೇ ಮೆಲ್ಲಗೆ ಹೇಳಿ, ನಿಮ್ಮ ದನಿಯೂ ಅದೇ ಫೈಲಿನಲ್ಲಿ ಸಮಯದ ಜೊತೆ ಉಳಿಯುತ್ತದೆ. ಆದರೆ ಟ್ರಿಗರ್ ಹಾಕಿದ್ದರೆ ಇದು ನಡೆಯುವುದಿಲ್ಲ, ನೀವು ಮಾತಾಡುವ ಹೊತ್ತಿಗೆ ರೆಕಾರ್ಡಿಂಗ್ ನಿಂತಿರುತ್ತದೆ.

ಈ ಟಿಪ್ಪಣಿಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, 2016ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಈಜಿಪ್ಟಿನ ಹಣ್ಣುಬಾವಲಿಗಳ ಸುಮಾರು 15,000 ಕೂಗುಗಳನ್ನು ವಿಡಿಯೋ ಜೊತೆ ಇಟ್ಟು ಕಂಪ್ಯೂಟರ್‌ಗೆ ಕಲಿಸಿದರು. ನಮ್ಮ ಕಿವಿಗೆ ಎಲ್ಲವೂ ಒಂದೇ ಥರದ ಕಿರುಚಾಟ ಅನ್ನಿಸುವ ಆ ಕೂಗುಗಳಲ್ಲಿ ಯಾರು ಕೂಗಿದ್ದು ಎಂದು ಸುಮಾರು 71% ಸಲ, ಯಾವ ಜಗಳಕ್ಕೆ ಕೂಗಿದ್ದು ಎಂದು ಸುಮಾರು 61% ಸಲ ಅದು ಸರಿಯಾಗಿ ಹೇಳಿತು. ಊಟಕ್ಕೋ, ಮಲಗುವ ಜಾಗಕ್ಕೋ, ಬೇಡದ ಜೋಡಿಯನ್ನು ದೂರ ಇಡಲೋ ಅಂತ ವಿಂಗಡಿಸಲು ಆಗಿದ್ದು ಯಾರೋ ವಿಡಿಯೋ ನೋಡಿ ಒಂದೊಂದಕ್ಕೂ ಸಂದರ್ಭ ಬರೆದಿದ್ದರಿಂದ. ಸಂದರ್ಭ ಇಲ್ಲದ ಕೂಗಿಗೆ ಅರ್ಥ ಹಚ್ಚಿದರೆ ಅದು ಬರೀ ಊಹೆ.

ಹಂತ 5: ಕಂಪ್ಯೂಟರ್‌ನಲ್ಲಿ ತೆರೆದು ನೋಡಿ

ಬೇಕಾಗಿರುವುದು ಸ್ಪೆಕ್ಟ್ರೋಗ್ರಾಮ್, ಅಂದರೆ ದನಿಯ ಚಿತ್ರ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ, ಬಣ್ಣ ಗಾಢವಾದಷ್ಟೂ ದನಿ ಜೋರು. ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಅದರಲ್ಲಿ ಟ್ರ್ಯಾಕ್‌ನ ಹೆಸರಿನ ಪಕ್ಕದ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಮ್ ಆರಿಸಿ, ಸ್ಕೇಲ್ ಅನ್ನು ಲೀನಿಯರ್ ಮಾಡಿ, ಗರಿಷ್ಠ ಸ್ವರವನ್ನು 1,20,000 ಹರ್ಟ್ಸ್‌ಗೆ ಏರಿಸಿ. ಇದನ್ನು ಏರಿಸದೆ "ನನ್ನ ಫೈಲಿನಲ್ಲಿ ಏನೂ ಇಲ್ಲ" ಅಂತ ಬರೆಯುವವರು ತುಂಬಾ. ವಿಂಡೋ ಸೈಜ್ 512 ಅಥವಾ 1024 ಇಡಿ. ಸಂಖ್ಯೆ ಜಾಸ್ತಿಯಾದರೆ ಸ್ವರ ನಿಖರ, ಸಮಯ ಮಸುಕು, ಕಡಿಮೆಯಾದರೆ ಉಲ್ಟಾ. ಒಮ್ಮೆ ಇಟ್ಟದ್ದನ್ನು ಎಲ್ಲ ಫೈಲಿಗೂ ಹಾಗೇ ಇಡಿ, ಇಲ್ಲದಿದ್ದರೆ ಒಂದೇ ಕೂಗು ಎರಡು ಥರ ಕಾಣುತ್ತದೆ.

ಕೇಳಬೇಕು ಅಂದರೆ ಹತ್ತು ಪಟ್ಟು ನಿಧಾನ ಮಾಡಿ. ಅದೇ ಮೆನುವಿನಲ್ಲಿ ರೇಟ್ 2,56,000 ಇದ್ದದ್ದನ್ನು 25,600 ಎಂದು ಬದಲಿಸಿದರೆ ಆಯಿತು. 45 ಕಿಲೋಹರ್ಟ್ಸ್ ದನಿ 4.5 ಆಗಿ ಇಳಿದು ಹಕ್ಕಿಯ ಉಲಿಯ ಥರ ಕೇಳುತ್ತದೆ. ಆದರೆ ಅಳತೆ ಮಾಡುವ ಮೊದಲು ರೇಟ್ ಹಿಂದಿನಂತೆ ಮಾಡಿ.

ಹಂತ 6: ಇದು ಸೋಷಿಯಲ್ ಕಾಲ್ ಹೌದಾ ಅಂತ ಖಚಿತ ಮಾಡಿಕೊಳ್ಳಿ

ಎಡವುವುದು ಹೆಚ್ಚಾಗಿ ಇಲ್ಲೇ. ಈ ಕೆಳಗಿನವು ಸೋಷಿಯಲ್ ಕಾಲ್ ಅಲ್ಲ.

ಫೀಡಿಂಗ್ ಬಝ್. ಬಾವಲಿ ಹುಳದ ಹತ್ತಿರ ಬಂದಂತೆ ಕೂಗುಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬಂದು, ಕೊನೆಗೆ ಸೆಕೆಂಡಿಗೆ ನೂರಕ್ಕೂ ಜಾಸ್ತಿಯಾಗಿ ಝರ್ ಅಂತ ಕೇಳುತ್ತದೆ, ಆಮೇಲೆ ಒಂದು ಕ್ಷಣ ಮೌನ. ಕ್ರಮೇಣ ಹತ್ತಿರವಾಗುವುದೇ ಇದರ ಗುರುತು. ಸೋಷಿಯಲ್ ಕಾಲ್ ಹಾಗೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ, ಮಧ್ಯೆ ಧುತ್ತೆಂದು ಬರುತ್ತದೆ.

ಮಾರ್ದನಿ. ಪ್ರತಿ ಕೂಗಿನ ಹಿಂದೆ ಅಷ್ಟೇ ಅಂತರದಲ್ಲಿ ಅದೇ ಆಕಾರದ ಮಸುಕು ನೆರಳು.

ಹಾರ್ಮೋನಿಕ್. ಒಂದೇ ಕೂಗಿನ ಎರಡು, ಮೂರು ಪಟ್ಟು ಎತ್ತರದಲ್ಲಿ ಅದೇ ಹೊತ್ತಿಗೆ ಕಾಣುವ ಗೆರೆಗಳು. ಎರಡು ಬಾವಲಿ ಒಟ್ಟಿಗೆ ಕೂಗಿದ್ದು ಅಂತ ಎಣಿಸಬೇಡಿ.

ಮಿಡತೆ, ಜೀರುಂಡೆಗಳು. ಗಂಟೆಗಟ್ಟಲೆ ಒಂದೇ ತಾಳದಲ್ಲಿ, ಎತ್ತರ ಇಳಿಯದ ಅಗಲ ಪಟ್ಟಿಯಾಗಿ ಬರುತ್ತವೆ. ಇಲಿಗಳು ಕೂಡ 22 ಮತ್ತು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತವೆ. ಗೋಡೆಯ ಬುಡದಲ್ಲಿ ಮೈಕ್ ಇಟ್ಟಿದ್ದರೆ ಈ ಅನುಮಾನ ಇರಲೇಬೇಕು. ಎಲ್‌ಇಡಿ ದೀಪ, ಚಾರ್ಜರ್‌ಗಳದ್ದು ಅಲುಗಾಡದ ನೇರ ಅಡ್ಡಗೆರೆ.

ಇವ್ಯಾವುದೂ ಅಲ್ಲ, ಆಕಾರ ಬಾಗಿದೆ ಅಥವಾ ನಡುಗುತ್ತಿದೆ, ಸುತ್ತಲಿನ ಕೂಗಿಗಿಂತ ತಗ್ಗಿನಲ್ಲಿದೆ, ತಾಳಕ್ಕೆ ಸೇರುವುದಿಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 7: ಕೂಗಿದ್ದು ಯಾರು?

ಸೋಷಿಯಲ್ ಕಾಲ್ ಅನ್ನೇ ದಿಟ್ಟಿಸಿ ನೋಡುತ್ತಾ ಕೂರಬೇಡಿ. ಮೊದಲು ಅದರ ಅಕ್ಕಪಕ್ಕ ನೋಡಿ. ಹಾರುವ ಬಾವಲಿ ಮಾತಾಡುವಾಗಲೂ ದಾರಿ ಹುಡುಕುತ್ತಲೇ ಇರುತ್ತದೆ, ಹಾಗಾಗಿ ಕೂಗಿನ ಹಿಂದೆ ಮುಂದೆ ಅದರದ್ದೇ ಎಕೋಲೊಕೇಶನ್ ಸಾಮಾನ್ಯವಾಗಿ ಇರುತ್ತದೆ. ಹೆಸರು ಹೇಳಲು ಅದೇ ಗಟ್ಟಿ ಆಧಾರ.

ಒಂದೇ ಬಾವಲಿ ಇದ್ದರೆ ಸುಲಭ. ಎರಡಿದ್ದರೆ ತಾಳ ನೋಡಿ. ಎರಡು ಸಾಲುಗಳಿಗೂ ತಮ್ಮ ತಮ್ಮ ಲಯ ಇರುತ್ತದೆ. ಸೋಷಿಯಲ್ ಕಾಲ್ ಬಂದ ಜಾಗದಲ್ಲಿ ಯಾವ ಸಾಲಿನ ಲಯ ತಪ್ಪಿದೆ, ಒಂದು ಕೂಗು ಬಿಟ್ಟುಹೋಗಿದೆ ಅಥವಾ ತಡವಾಗಿದೆ, ಹೆಚ್ಚಾಗಿ ಆ ಸಾಲಿನ ಬಾವಲಿಯದ್ದೇ ಕೂಗು. ಅದೇ ಹೊತ್ತಿಗೆ ಸರಿಯಾಗಿ ಎಕೋಲೊಕೇಶನ್ ಕೂಗು ಬಿಟ್ಟ ಬಾವಲಿ ಖಂಡಿತ ಅದಲ್ಲ, ಒಂದೇ ಗಂಟಲಲ್ಲಿ ಎರಡು ಕೂಗು ಒಟ್ಟಿಗೆ ಬರುವುದಿಲ್ಲ. ಜೋರು ಎಷ್ಟಿದೆ ಎನ್ನುವುದೂ ಸಹಾಯಕ್ಕೆ ಬರುತ್ತದೆ, ಆದರೆ ಬಾವಲಿ ತಲೆ ತಿರುಗಿಸಿದರೂ ಜೋರು ಬದಲಾಗುವುದರಿಂದ ಅದೊಂದನ್ನೇ ನಂಬಬೇಡಿ.

ಆಮೇಲೆ ಕೂಗನ್ನು ಅಳೆಯಿರಿ. ಶುರುವಿನ ಸ್ವರ, ಕೊನೆಯ ಸ್ವರ, ಅತಿ ಜೋರಾಗಿರುವ ಸ್ವರ, ಒಟ್ಟು ಉದ್ದ ಎಷ್ಟು ಮಿಲಿಸೆಕೆಂಡ್, ಎಷ್ಟು ತುಂಡುಗಳಿವೆ, ಅವುಗಳ ನಡುವಿನ ಅಂತರ. ತುಂಡುಗಳ ಎಣಿಕೆ ಎಷ್ಟು ಉಪಯೋಗ ಅನ್ನುವುದಕ್ಕೆ ಯೂರೋಪಿನ ಎರಡು ಪುಟ್ಟ ಬಾವಲಿಗಳೇ ಸಾಕ್ಷಿ. ಕಾಮನ್ ಪಿಪಿಸ್ಟ್ರೆಲ್, ಸೊಪ್ರಾನೊ ಪಿಪಿಸ್ಟ್ರೆಲ್ ಎರಡೂ ನೋಡಲು ಎಷ್ಟು ಹೋಲುತ್ತವೆ ಅಂದರೆ 1990ರ ದಶಕದವರೆಗೆ ಒಂದೇ ಜಾತಿ ಅಂತ ಎಣಿಸಿದ್ದರು. ಎಕೋಲೊಕೇಶನ್ ಮೊದಲನೆಯದರದ್ದು 45 ಕಿಲೋಹರ್ಟ್ಸ್ ಸುತ್ತ, ಎರಡನೆಯದರದ್ದು 55ರ ಸುತ್ತ. ಹಾರುವಾಗಿನ ಸೋಷಿಯಲ್ ಕಾಲ್‌ನಲ್ಲಿ ಮೊದಲನೆಯದಕ್ಕೆ ಸಾಮಾನ್ಯವಾಗಿ ನಾಲ್ಕು ತುಂಡು, ಎರಡನೆಯದಕ್ಕೆ ಮೂರು. "ಸಾಮಾನ್ಯವಾಗಿ" ಎನ್ನುವ ಮಾತನ್ನು ಗಮನಿಸಿ. ಮೊದಲನೆಯದು ಮೂರು ತುಂಡಿನದ್ದನ್ನೂ ಎರಡನೆಯದು ನಾಲ್ಕರದ್ದನ್ನೂ ಕೂಗುವುದುಂಟು. ಒಂದೇ ಕೂಗು ನೋಡಿ ತೀರ್ಮಾನ ಮಾಡಬೇಡಿ, ಹತ್ತಿಪ್ಪತ್ತು ನೋಡಿ.

ತಾನಾಗಿ ಹೆಸರು ಹೇಳುವ ಸಾಫ್ಟ್‌ವೇರ್‌ಗಳ ಬಗ್ಗೆ: ಅವು ಹೆಚ್ಚಾಗಿ ಕಲಿತಿರುವುದು ಎಕೋಲೊಕೇಶನ್ ಮೇಲೆ. ತಗ್ಗಿನ ಸೋಷಿಯಲ್ ಕಾಲ್ ಕಂಡರೆ ತಗ್ಗಿನಲ್ಲಿ ಕೂಗುವ ಇನ್ಯಾವುದೋ ದೊಡ್ಡ ಬಾವಲಿಯ ಹೆಸರು ಹಚ್ಚಿಬಿಡುತ್ತವೆ. ನಿಮ್ಮ ಪಟ್ಟಿಯಲ್ಲಿ ಯಾವುದಾದರೂ ಜಾತಿ ಇಡೀ ರಾತ್ರಿಯಲ್ಲಿ ಒಂದೇ ಒಂದು ಸಲ ಕಾಣಿಸಿದ್ದರೆ ಆ ಫೈಲನ್ನು ಕಣ್ಣಿಂದ ನೋಡದೆ ಒಪ್ಪಬೇಡಿ.

ಹಂತ 8: ಯಾವ ಬಗೆ?

2003ರಲ್ಲಿ ಪ್ರಕಟವಾದ ಒಂದು ವಿಂಗಡಣೆ ಕೆಲಸಕ್ಕೆ ಅನುಕೂಲ. ಆಕಾರ ನೋಡಿ ನಾಲ್ಕು ಗುಂಪು: ಗರಗರ ಎನ್ನುವ ಒರಟು ಕಿರುಚಾಟ, ಒಂದೇ ತುಂಡು ಬೇಗ ಬೇಗ ಮರುಕಳಿಸುವ ಸರಣಿ, ಬಾಗಿದ ಒಂಟಿ ಚೀಂವ್, ಬೇರೆ ಬೇರೆ ತುಂಡು ಸೇರಿದ ಹಾಡಿನಂಥದ್ದು. ಮೊದಲನೆಯದು ಹೆಚ್ಚಾಗಿ ಜಗಳ ಅಥವಾ ಆಪತ್ತು, ಎರಡನೆಯ ಗುಂಪಿನಲ್ಲೂ ಗದರಿಕೆ ಉಂಟು. ಮೂರನೆಯ ಗುಂಪಿನಲ್ಲಿ ತಾಯಿ-ಮರಿ ಕರೆಗಳು ಜಾಸ್ತಿ. ಕೊನೆಯದು ಗಂಡಿನ ಹಾಡು ಅಥವಾ ಬೇಟೆಯ ಜಾಗದ ಮೇಲಿನ ಹಕ್ಕು. ಮರಿಗಳದ್ದು ಇನ್ನೂ ಗೊಂದಲ. ಸ್ಯಾಕೊಪ್ಟೆರಿಕ್ಸ್ ಬೈಲಿನಿಯೇಟಾ ಎಂಬ ಬಾವಲಿಯ ಮರಿಗಳು ನಮ್ಮ ಕೂಸುಗಳ ಹಾಗೆ ತೊದಲುತ್ತವೆ, ದೊಡ್ಡವರ ಕೂಗಿನ ತುಂಡುಗಳನ್ನು ಕಲಸಿ ಅಭ್ಯಾಸ ಮಾಡುತ್ತವೆ ಅಂತ 2021ರಲ್ಲಿ ತೋರಿಸಿದ್ದಾರೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಆಕಾರ ಮತ್ತು ಅರ್ಥ ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಬೇಡಿ. "ನಾಲ್ಕು ತುಂಡು, 18ರಿಂದ 35 ಕಿಲೋಹರ್ಟ್ಸ್" ಎನ್ನುವುದು ನೀವು ಕಂಡದ್ದು. "ಜಗಳ" ಎನ್ನುವುದು ನೀವು ಅಂದುಕೊಂಡದ್ದು. ಮೆಕ್ಸಿಕನ್ ಫ್ರೀ-ಟೇಲ್ಡ್ ಬಾವಲಿ ಇನ್ನೊಂದರ ಫೀಡಿಂಗ್ ಬಝ್ ಮೇಲೆ ಸರಿಯಾಗಿ ಕೂರುವಂತೆ ಒಂದು ಕೂಗು ಹಾಕುತ್ತದೆ, ಆ ಬಾವಲಿಗೆ ಹುಳ ತಪ್ಪಿಹೋಗುತ್ತದೆ. ಇದು ಬರೀ ಮಾತಲ್ಲ, ಬೇಟೆ ಕೆಡಿಸುವ ಉಪಾಯ ಎಂದು 2014ರಲ್ಲಷ್ಟೇ ಗೊತ್ತಾಯಿತು. ಕೂಗಿನ ಆಕಾರ ಮಾತ್ರ ನೋಡಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹಂತ 9: ಹೋಲಿಸಿ, ಹೆಸರಿಟ್ಟು, ಕಾಪಿಡಿ

ಕೈರೋವಾಕ್ಸ್, ಸೀನೋ-ಕ್ಯಾಂಟೊ ಎಂಬ ಮುಕ್ತ ಸಂಗ್ರಹಗಳಲ್ಲಿ ಬಾವಲಿಗಳ ದನಿ ಇದೆ. ಹೋಲಿಸುವಾಗ ಆ ರೆಕಾರ್ಡಿಂಗ್‌ನ ಸಂದರ್ಭ ಓದಿ. ಕೈಯಿಂದ ಬಿಟ್ಟ ತಕ್ಷಣದ ಬಾವಲಿ ಮಾಮೂಲಿ ಥರ ಕೂಗುವುದಿಲ್ಲ.

ಫೈಲಿನ ಹೆಸರಲ್ಲಿ ದಿನಾಂಕ, ಸಮಯ, ಜಾಗದ ಸಂಕೇತ ಇರಲಿ. ಗೂಡಿನ ನಿಖರ ಜಾಗವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಗುರುತಿಗೆ ಮೂರು ದರ್ಜೆ ಸಾಕು: ಖಚಿತ, ಇರಬಹುದು, ಗೊತ್ತಾಗಿಲ್ಲ. ಮೂರನೆಯದರಲ್ಲಿ ಜಾಸ್ತಿ ಫೈಲು ಇದ್ದರೆ ಬೇಜಾರು ಬೇಡ, ಅನುಭವಿಗಳ ಪಟ್ಟಿಯೂ ಹಾಗೇ ಇರುತ್ತದೆ. ಕತ್ತರಿಸಿದ, ಶುಚಿ ಮಾಡಿದ ತುಂಡನ್ನು ಮಾತ್ರ ಇಟ್ಟುಕೊಂಡು ಮೂಲ ಫೈಲ್ ಅಳಿಸಬೇಡಿ. ಮುಂದಿನ ವರ್ಷ ಅದೇ ಗೂಡಿನಲ್ಲಿ ಅದೇ ಕೂಗು ಮತ್ತೆ ಸಿಕ್ಕಿ, ಈ ಸಲ ಕೂಗಿದವರು ಕಣ್ಣಿಗೂ ಬಿದ್ದರೆ, ಹಳೆಯ ಫೈಲ್ ತೆರೆದು ಅಕ್ಕಪಕ್ಕದ ಎಕೋಲೊಕೇಶನ್ ಜೊತೆ ತಾಳೆ ನೋಡಬೇಕಾಗುತ್ತದೆ.